ಪಕ್ಕದ ಮನೆಯವರಿಗೆ ಏನು ಸಂಬಂಧ?

ಇಂಗ್ಲೆಂಡಿನ ಎಸೆಕ್ಸ್ ಕೌಂಟಿಯಲ್ಲಿ ಸ್ಯಾಫ್ರನ್ ವಾಲ್ಡನ್ ಎಂಬ ಹಳೆಯ ಊರಿದೆ. 1950ರ ದಶಕದ ಕೊನೆಯಲ್ಲಿ ಅದರ ಆಸುಪಾಸಿನ ಒಂದು ಜಮೀನಿನಲ್ಲಿ ಬಿಳಿ ಸುಣ್ಣಕಲ್ಲು ಅಗೆಯಲು ಕಂಪನಿಯೊಂದು ಅನುಮತಿ ಕೇಳಿತು. ಸ್ಥಳೀಯ ಆಡಳಿತ ಆಗದು ಎಂದಿತು. ಕಂಪನಿ ಮಂತ್ರಿಗೆ ಮೇಲ್ಮನವಿ ಸಲ್ಲಿಸಿತು. ನಿಯಮದಂತೆ ಸಾರ್ವಜನಿಕ ವಿಚಾರಣೆ ನಡೆಯಿತು. ಅಕ್ಕಪಕ್ಕದ ಜಮೀನಿನವರು ಬಂದು ತಮ್ಮ ಅಳಲು ಹೇಳಿಕೊಂಡರು: ಗಣಿಯ ಧೂಳು ಬೆಳೆಯ ಮೇಲೆ ಕೂರುತ್ತದೆ, ಸಾಕುಪ್ರಾಣಿಗಳಿಗೆ ಕುತ್ತು ಬರುತ್ತದೆ. ವಿಚಾರಣೆ ನಡೆಸಿದ ಇನ್ಸ್‌ಪೆಕ್ಟರ್ ಅವರ ಮಾತನ್ನು ಒಪ್ಪಿ, ಅನುಮತಿ ಕೊಡಬಾರದು ಎಂದು ವರದಿ ಬರೆದರು.

ಮಂತ್ರಿ ಅನುಮತಿ ಕೊಟ್ಟರು.

ಕಾರಣ ಆಮೇಲೆ ತಿಳಿಯಿತು. ವಿಚಾರಣೆ ಮುಗಿದ ಮೇಲೆ ಮಂತ್ರಿಯ ಕಚೇರಿ ಕೃಷಿ ಇಲಾಖೆಯ ತಜ್ಞರನ್ನು ಕೇಳಿತ್ತು. ಇಂಥ ವಿಧಾನದಲ್ಲಿ ಕಲ್ಲು ತೆಗೆದರೆ ಧೂಳಿನ ತೊಂದರೆ ಇರದು ಎಂದು ಅವರು ಅಭಿಪ್ರಾಯ ಕೊಟ್ಟಿದ್ದರು. ಆ ಅಭಿಪ್ರಾಯವನ್ನು ನೆರೆಯವರಿಗೆ ಯಾರೂ ತೋರಿಸಿರಲಿಲ್ಲ. ಅದಕ್ಕೆ ಉತ್ತರ ಹೇಳುವ ಅವಕಾಶವೂ ಅವರಿಗೆ ಸಿಗಲಿಲ್ಲ.

ನೆರೆಯವರು ಹೈಕೋರ್ಟಿಗೆ ಹೋದರು. ಕಾನೂನಿನ ಪುಸ್ತಕಗಳಲ್ಲಿ ಬಕ್ಸ್‌ಟನ್ ಪ್ರಕರಣ ಎಂದು ಹೆಸರಾಗಿರುವ ಈ ಮೊಕದ್ದಮೆಯಲ್ಲಿ 1960ರಲ್ಲಿ ತೀರ್ಪು ಬಂತು. ಮಂತ್ರಿ ನಡೆದುಕೊಂಡ ರೀತಿ ಸರಿಯೋ ತಪ್ಪೋ ಎಂಬ ಪ್ರಶ್ನೆಯ ತನಕ ಮೊಕದ್ದಮೆ ಹೋಗಲೇ ಇಲ್ಲ. ಹೊಸ್ತಿಲಲ್ಲೇ ನಿಂತಿತು. ಆದೇಶವನ್ನು ‘ಬಾಧಿತ ವ್ಯಕ್ತಿ’ ಮಾತ್ರ ಪ್ರಶ್ನಿಸಬಹುದು ಎಂದು ಕಾಯ್ದೆ ಹೇಳುತ್ತಿತ್ತು. ಬಾಧಿತ ಎಂದರೆ ಕಾನೂನು ಕೊಟ್ಟ ಹಕ್ಕಿಗೆ ಧಕ್ಕೆಯಾದವನು. ಪಕ್ಕದ ಜಮೀನಿನಲ್ಲಿ ಏನಾಗಬೇಕು ಎಂಬುದರಲ್ಲಿ ನೆರೆಯವನಿಗೆ ಕಾನೂನು ಯಾವ ಹಕ್ಕನ್ನೂ ಕೊಟ್ಟಿಲ್ಲ, ಆದ್ದರಿಂದ ಆತ ಬಾಧಿತನಲ್ಲ ಎಂದು ನ್ಯಾಯಮೂರ್ತಿ ಸ್ಯಾಮನ್ ನಿರ್ಧರಿಸಿದರು. ಧೂಳು ಅವನ ಹೊಲದ ಮೇಲೆ ಬೀಳಬಹುದು. ಆದರೂ ಕಾನೂನಿನ ಕಣ್ಣಲ್ಲಿ ಅವನು ದಾರಿಹೋಕ.

ನಿಮಗೇನು ಸಂಬಂಧ ಎಂಬ ಈ ಪ್ರಶ್ನೆಯೇ ಮುಂದಿನ ಕಾಲು ಶತಮಾನ ಬ್ರಿಟನ್ನಿನ ಆಡಳಿತವನ್ನು ಕಾಡಿತು. ಅದಕ್ಕೆ ಸಿಕ್ಕ ಅರ್ಧ ಉತ್ತರದ ಹೆಸರು ಓಂಬುಡ್ಸ್‌ಮನ್.

ಇಬ್ಬರ ನಡುವಿನ ಮಾತು

ನೆರೆಯವನು ಹೊರಗುಳಿದದ್ದು ಅಕಸ್ಮಾತ್ತಲ್ಲ. ಎರಡನೆಯ ಮಹಾಯುದ್ಧದ ನಂತರ ಬಂದ 1947ರ ಪಟ್ಟಣ ಮತ್ತು ಗ್ರಾಮ ಯೋಜನಾ ಕಾಯ್ದೆ ಒಂದು ದೊಡ್ಡ ಬದಲಾವಣೆ ತಂದಿತು. ಅದರ ಪ್ರಕಾರ ಭೂಮಿ ನಿಮ್ಮದೇ ಇರಬಹುದು; ಅದರ ಮೇಲೆ ಕಟ್ಟುವ, ಅದರ ಬಳಕೆಯನ್ನು ಬದಲಿಸುವ ಹಕ್ಕು ಮಾತ್ರ ನಿಮ್ಮದಲ್ಲ. ಅದಕ್ಕೆ ಸ್ಥಳೀಯ ಆಡಳಿತದ ಅನುಮತಿ ಬೇಕು. 1948ರ ಜುಲೈ 1ರಿಂದ ಇದು ಜಾರಿಗೆ ಬಂತು.

ಭೂಮಾಲೀಕರಿಂದ ಇಷ್ಟು ದೊಡ್ಡ ಹಕ್ಕನ್ನು ಕಿತ್ತುಕೊಂಡಾಗ ಅವರಿಗೆ ಏನಾದರೂ ಕೊಡಲೇಬೇಕಿತ್ತು. ಅನುಮತಿ ನಿರಾಕರಿಸಿದರೆ ಮಂತ್ರಿಗೆ ಮೇಲ್ಮನವಿ ಹಾಕುವ ಹಕ್ಕು ಹೀಗೆ ಬಂತು. ನೆರೆಯವರಿಂದ ಕಾನೂನು ಏನನ್ನೂ ಕಿತ್ತುಕೊಂಡಿರಲಿಲ್ಲ, ಹಾಗಾಗಿ ಏನನ್ನೂ ಕೊಡಲಿಲ್ಲ. ಅವರ ಹಿತವನ್ನು ಕಾಯಲು ಅವರೇ ಆರಿಸಿದ ಕೌನ್ಸಿಲ್ ಇದೆಯಲ್ಲ ಎಂಬುದು ಇದರ ಹಿಂದಿನ ತರ್ಕ. ಕಟ್ಟುವವನು ಒಂದು ಕಡೆ, ಸಾರ್ವಜನಿಕರ ಪರವಾಗಿ ಕೌನ್ಸಿಲ್ ಇನ್ನೊಂದು ಕಡೆ. ಮೂರನೆಯವರಿಗೆ ಇಲ್ಲಿ ಕುರ್ಚಿಯೇ ಇರಲಿಲ್ಲ.

ಈ ತರ್ಕ ಎಲ್ಲಿ ಮುರಿಯುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಕೌನ್ಸಿಲ್ ಅನುಮತಿ ನಿರಾಕರಿಸಿದರೆ ಅರ್ಜಿದಾರ ಮೇಲಕ್ಕೆ ಹೋಗಬಹುದು. ಕೊಡಬಾರದ ಅನುಮತಿಯನ್ನು ಕೊಟ್ಟರೆ? ಅರ್ಜಿದಾರ ಸಂತೋಷದಿಂದ ಮನೆಗೆ ಹೋಗುತ್ತಾನೆ, ಕೌನ್ಸಿಲ್ ಕಡತ ಮುಚ್ಚುತ್ತದೆ. ತಕರಾರು ಇರುವ ಒಬ್ಬನಿಗೆ ಮಾತ್ರ ಹೋಗಲು ಜಾಗವಿಲ್ಲ. ಇಂದಿಗೂ ಇಂಗ್ಲೆಂಡಿನಲ್ಲಿ ಯೋಜನಾ ಅನುಮತಿಯ ವಿರುದ್ಧ ನೆರೆಯವರಿಗೆ ಮೇಲ್ಮನವಿಯ ಹಕ್ಕಿಲ್ಲ.

ಸುಣ್ಣಕಲ್ಲಿನ ಗಣಿಯ ಪ್ರಕರಣ ಸೋತರೂ ಗದ್ದಲ ಎಬ್ಬಿಸಿತು. ಪತ್ರಿಕೆಗಳಲ್ಲಿ, ಪಾರ್ಲಿಮೆಂಟಿನಲ್ಲಿ ಚರ್ಚೆಯಾಯಿತು. ವಿಚಾರಣೆಗಳ ಮೇಲೆ ಕಣ್ಣಿಡಲು 1958ರಲ್ಲಿ ಸ್ಥಾಪನೆಯಾಗಿದ್ದ ಟ್ರಿಬ್ಯೂನಲ್ ಮಂಡಳಿಯ ಮುಂದೆಯೂ ದೂರು ಹೋಯಿತು. ಕೊನೆಗೆ 1962ರಲ್ಲಿ ನಿಯಮ ಬದಲಾಯಿತು: ವಿಚಾರಣೆಯ ನಂತರ ಸಿಕ್ಕ ಹೊಸ ಸಾಕ್ಷ್ಯದ ಬಲದಿಂದ ಮಂತ್ರಿ ಇನ್ಸ್‌ಪೆಕ್ಟರ್ ಶಿಫಾರಸನ್ನು ತಳ್ಳಿಹಾಕುವುದಾದರೆ, ಮೊದಲು ಸಂಬಂಧಪಟ್ಟವರಿಗೆ ತಿಳಿಸಿ ಅವರ ಮಾತು ಕೇಳಬೇಕು. ಮುಂದಿನವರ ದಾರಿ ಸ್ವಲ್ಪ ಸಲೀಸಾಯಿತು.

ಸ್ವೀಡನ್ನಿನಿಂದ ಬಂದ ಪದ

ಅದೇ ವರ್ಷಗಳಲ್ಲಿ ಬ್ರಿಟನ್ನಿಗೆ ಒಂದು ವಿದೇಶಿ ಪದ ಕಾಲಿಟ್ಟಿತು. ಸ್ವೀಡನ್ 1809ರ ತನ್ನ ಸಂವಿಧಾನದಲ್ಲಿ ಓಂಬುಡ್ಸ್‌ಮನ್ ಎಂಬ ಹುದ್ದೆಯನ್ನು ಸೃಷ್ಟಿಸಿತ್ತು. ಅಧಿಕಾರಿಗಳು ಕಾನೂನಿನಂತೆ ನಡೆಯುತ್ತಿದ್ದಾರೆಯೇ ಎಂದು ಪಾರ್ಲಿಮೆಂಟಿನ ಪರವಾಗಿ ನೋಡುವವನು ಆತ. ಡೆನ್ಮಾರ್ಕ್ 1955ರಲ್ಲಿ ತನ್ನ ಮೊದಲ ಓಂಬುಡ್ಸ್‌ಮನ್ನನನ್ನು ನೇಮಿಸಿತು. ನ್ಯೂಜಿಲೆಂಡ್ 1962ರಲ್ಲಿ ಅದೇ ದಾರಿ ಹಿಡಿಯಿತು. ಬ್ರಿಟನ್ನಿನಲ್ಲಿ ಸರ್ ಜಾನ್ ವ್ಯಾಟ್ ನೇತೃತ್ವದಲ್ಲಿ ಜಸ್ಟಿಸ್ ಎಂಬ ವಕೀಲರ ಸಂಸ್ಥೆ 1961ರಲ್ಲಿ ವರದಿ ಕೊಟ್ಟು, ನಮಗೂ ಇಂಥದೊಂದು ಬೇಕು ಎಂದಿತು. ಮ್ಯಾಕ್‌ಮಿಲನ್ ಸರ್ಕಾರ ಒಪ್ಪಲಿಲ್ಲ. ಜನರ ದೂರು ಕೇಳಲು ಸಂಸದರಿದ್ದಾರಲ್ಲ ಎಂಬ ಮಾತು ಎದ್ದಿತು.

1964ರಲ್ಲಿ ಲೇಬರ್ ಪಕ್ಷ ಅಧಿಕಾರಕ್ಕೆ ಬಂತು. 1967ರಲ್ಲಿ ಕಾಯ್ದೆಯಾಗಿ, ಸರ್ ಎಡ್ಮಂಡ್ ಕಾಂಪ್ಟನ್ ಮೊದಲ ಪಾರ್ಲಿಮೆಂಟರಿ ಆಯುಕ್ತರಾದರು. ಆದರೆ ಸಂಸದರ ಮನಸ್ಸು ನೋಯಬಾರದೆಂದು ಒಂದು ಷರತ್ತು ಸೇರಿಕೊಂಡಿತು. ದೂರು ಕೊಡುವವರು ನೇರವಾಗಿ ಬರುವಂತಿಲ್ಲ, ಸಂಸದರ ಮೂಲಕವೇ ಬರಬೇಕು. ಆಯುಕ್ತರು ನೋಡುವುದು ‘ದುರಾಡಳಿತ’ವನ್ನು ಮಾತ್ರ. ಹಾಗೆಂದರೇನು ಎಂದು ಕಾಯ್ದೆ ಹೇಳಲಿಲ್ಲ. ಮಸೂದೆ ಮಂಡಿಸಿದ ರಿಚರ್ಡ್ ಕ್ರಾಸ್‌ಮನ್ ಪಾರ್ಲಿಮೆಂಟಿನಲ್ಲಿ ಪಕ್ಷಪಾತ, ಉಪೇಕ್ಷೆ, ವಿಳಂಬ, ಅಸಮರ್ಥತೆ, ಮನಸೋಇಚ್ಛೆ ಎಂದು ಒಂದು ಪಟ್ಟಿ ಕೊಟ್ಟು, ಕೊನೆಗೆ ಬಾಗಿಲು ತೆರೆದೇ ಇಟ್ಟರು. ಇವತ್ತಿಗೂ ವಕೀಲರು ಅದನ್ನು ಕ್ರಾಸ್‌ಮನ್ ಪಟ್ಟಿ ಎಂದೇ ಕರೆಯುತ್ತಾರೆ.

ಈ ಕಾಯ್ದೆ ಕೇಂದ್ರ ಸರ್ಕಾರದ ಇಲಾಖೆಗಳಿಗೆ ಮಾತ್ರ ಅನ್ವಯಿಸಿತು. ಮನೆ, ರಸ್ತೆ, ಶಾಲೆ, ಕಟ್ಟಡದ ಅನುಮತಿ, ಹೀಗೆ ಜನ ದಿನವೂ ಎದುರಿಸುವ ಸ್ಥಳೀಯ ಕೌನ್ಸಿಲ್‌ಗಳು ಹೊರಗೇ ಉಳಿದವು.

ಅಲ್ಲಿಗೆ ಬೆಳಕು ಮೊದಲು ಬಿದ್ದದ್ದು ಉತ್ತರ ಐರ್ಲೆಂಡಿನಲ್ಲಿ, ಅದೂ ಬೀದಿ ಹೋರಾಟದ ನಂತರ. ಅಲ್ಲಿನ ಕೌನ್ಸಿಲ್‌ಗಳು ಬಾಡಿಗೆ ಮನೆ ಹಂಚುವಾಗ ಕ್ಯಾಥೊಲಿಕರಿಗೆ ಅನ್ಯಾಯ ಮಾಡುತ್ತಿವೆ ಎಂಬುದು ಹಳೆಯ ಸಿಟ್ಟು. 1968ರಲ್ಲಿ ಕ್ಯಾಲೆಡನ್ ಎಂಬ ಹಳ್ಳಿಯಲ್ಲಿ ಮಕ್ಕಳಿದ್ದ ಕ್ಯಾಥೊಲಿಕ್ ಸಂಸಾರಗಳನ್ನು ಬಿಟ್ಟು ಮದುವೆಯಾಗದ ಪ್ರೊಟೆಸ್ಟೆಂಟ್ ಯುವತಿಯೊಬ್ಬಳಿಗೆ ಮನೆ ಕೊಟ್ಟದ್ದು ಆ ಸಿಟ್ಟಿಗೆ ಕಿಡಿ ಹಚ್ಚಿತು. 1969ರಲ್ಲಿ ಅಲ್ಲಿ ದೂರುಗಳ ಆಯುಕ್ತರನ್ನು ನೇಮಿಸಿದಾಗ ನಡುವೆ ಯಾರನ್ನೂ ಇಡಲಿಲ್ಲ. ಜನ ನೇರವಾಗಿ ದೂರು ಕೊಡಬಹುದಿತ್ತು. ಆಯುಕ್ತರು ಅನ್ಯಾಯ ಆಗಿದೆ ಎಂದು ಕಂಡುಕೊಂಡರೆ ಅದರ ಆಧಾರದಲ್ಲಿ ಸ್ಥಳೀಯ ನ್ಯಾಯಾಲಯದಲ್ಲಿ ಪರಿಹಾರ ಕೇಳಬಹುದಿತ್ತು. ಜನಪ್ರತಿನಿಧಿಯ ಮೇಲೆಯೇ ನಂಬಿಕೆ ಹೋದ ಕಡೆ ಅವನ ಮೂಲಕ ದೂರು ತನ್ನಿ ಎನ್ನುವುದು ಸಾಧ್ಯವಿರಲಿಲ್ಲ.

1974ರ ಬಾಗಿಲು

ಇಂಗ್ಲೆಂಡಿನಲ್ಲಿ 1974ರ ಸ್ಥಳೀಯ ಸರ್ಕಾರ ಕಾಯ್ದೆ ಸ್ಥಳೀಯ ಆಡಳಿತ ಆಯೋಗವನ್ನು ಸ್ಥಾಪಿಸಿತು. ಅದರ ಆಯುಕ್ತರೇ ಸ್ಥಳೀಯ ಓಂಬುಡ್ಸ್‌ಮನ್‌ಗಳು. ಬ್ಯಾರನೆಸ್ ಸೆರೋಟ ಮೊದಲ ಅಧ್ಯಕ್ಷೆ. ಯಾರು ದೂರು ಕೊಡಬಹುದು ಎಂಬುದಕ್ಕೆ ಈ ಕಾಯ್ದೆ ಕೊಟ್ಟ ಉತ್ತರದ ಅಸ್ಥಿಪಂಜರ ಇಂದಿಗೂ ಹಾಗೆಯೇ ಇದೆ.

ಯಾವುದೇ ವ್ಯಕ್ತಿ, ಜನರ ಯಾವುದೇ ಗುಂಪು ದೂರು ಕೊಡಬಹುದು. ಸಾರ್ವಜನಿಕ ಸಂಸ್ಥೆಗಳು ಕೊಡುವಂತಿಲ್ಲ. ಕೌನ್ಸಿಲ್‌ನ ದುರಾಡಳಿತದಿಂದ ತನಗೆ ಅನ್ಯಾಯವಾಗಿದೆ ಎಂದು ದೂರುದಾರ ಹೇಳಬೇಕು. ವಿಷಯ ತಿಳಿದ ಹನ್ನೆರಡು ತಿಂಗಳೊಳಗೆ ಬರಬೇಕು. ಮೇಲ್ಮನವಿಯ ಹಕ್ಕೋ ಕೋರ್ಟಿನ ಪರಿಹಾರವೋ ಇದ್ದವರು, ಅದನ್ನು ಬಳಸಲಾಗದ ಕಾರಣವಿಲ್ಲದಿದ್ದರೆ, ಅಲ್ಲಿಗೇ ಹೋಗಬೇಕು. ಊರಿನ ಎಲ್ಲರಿಗೂ ಅಥವಾ ಬಹುತೇಕರಿಗೆ ತಟ್ಟುವ ಕ್ರಮಗಳನ್ನು ಓಂಬುಡ್ಸ್‌ಮನ್ ಮುಟ್ಟುವಂತಿಲ್ಲ. ದುರಾಡಳಿತವಿಲ್ಲದೆ ತೆಗೆದುಕೊಂಡ ನಿರ್ಧಾರ ಒಳ್ಳೆಯದೋ ಕೆಟ್ಟದೋ ಎಂದು ತೀರ್ಪು ಹೇಳುವಂತೆಯೂ ಇಲ್ಲ.

ಈ ನಿಯಮಗಳನ್ನು ಯೋಜನಾ ಅನುಮತಿಯ ಮೇಲೆ ಇಟ್ಟು ನೋಡಿದರೆ ಒಂದು ತಮಾಷೆ ಕಾಣುತ್ತದೆ. ಅನುಮತಿ ಸಿಗದ ಅರ್ಜಿದಾರನಿಗೆ ಮೇಲ್ಮನವಿ ಇದೆ, ಆದ್ದರಿಂದ ಸಾಮಾನ್ಯವಾಗಿ ಅವನಿಗೆ ಇಲ್ಲಿ ಪ್ರವೇಶವಿಲ್ಲ. ಮೇಲ್ಮನವಿ ಇಲ್ಲದ ನೆರೆಯವನಿಗೆ ಪ್ರವೇಶ ಇದೆ. 1947ರ ಕಾನೂನು ಯಾರಿಗೆ ಕುರ್ಚಿ ಕೊಡಲಿಲ್ಲವೋ ಅವನಿಗೇ ಈ ಬಾಗಿಲು ಹೆಚ್ಚು ಒದಗಿತು. ಹೀಗೆ ಆಗಲಿ ಎಂದು ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಎರಡು ನಿಯಮಗಳು ಒಂದರ ಪಕ್ಕ ಒಂದು ಕೂತು ಈ ಫಲ ಕೊಟ್ಟವು. ಮೊದಲಿನಿಂದಲೂ ಓಂಬುಡ್ಸ್‌ಮನ್‌ಗೆ ಬಂದ ದೂರುಗಳಲ್ಲಿ ವಸತಿ ಮತ್ತು ಯೋಜನೆ, ಈ ಎರಡು ವಿಷಯಗಳದೇ ದೊಡ್ಡ ಪಾಲು.

ಆದರೆ ಬಾಗಿಲಲ್ಲಿ ಕಾವಲುಗಾರನೂ ಇದ್ದ. 1967ರಲ್ಲಿ ಸಂಸದರು ಇದ್ದಂತೆ ಇಲ್ಲಿ ಕೌನ್ಸಿಲರ್. ದೂರು ಮೊದಲು ಆ ಕೌನ್ಸಿಲ್‌ನ ಸದಸ್ಯನೊಬ್ಬನ ಕೈಗೆ ಹೋಗಬೇಕು, ಆತ ಕಳಿಸಬೇಕು. ಕಳಿಸಲು ಒಪ್ಪದಿದ್ದರೆ ಮಾತ್ರ ನೇರವಾಗಿ ಹೋಗಬಹುದು. ಯಾರ ಮೇಲೆ ದೂರೋ ಅವರ ಮನೆಯ ಬಾಗಿಲನ್ನೇ ಮೊದಲು ತಟ್ಟುವ ಈ ಪದ್ಧತಿ ಹದಿನಾಲ್ಕು ವರ್ಷ ನಡೆಯಿತು. 1988ರಲ್ಲಿ ಅದು ಹೋಯಿತು. ಜನ ನೇರವಾಗಿ ಬರೆಯತೊಡಗಿದರು, ದೂರುಗಳ ಸಂಖ್ಯೆ ಏರಿತು. ಅದುವರೆಗೆ ಎಷ್ಟೋ ದೂರುಗಳು ಹೊಸ್ತಿಲಾಚೆಯೇ ಸೊರಗಿರಬೇಕು.

ಕಾವಲುಗಾರ ಹೋದರೂ ಬಾಗಿಲು ಅಗಲವಾಗಲಿಲ್ಲ. ತನಗೆ ಅನ್ಯಾಯವಾಗಿದೆ ಎಂಬಲ್ಲಿನ ‘ತನಗೆ’ ಎಂಬುದೇ ಬಿಗಿಯಾದ ಚಿಲಕ. ಮನೆಯ ಹಿಂದೆಯೇ ಮೂರು ಅಂತಸ್ತು ಎದ್ದು ಅಡುಗೆಮನೆಗೆ ಬೆಳಕು ಬಾರದಂತಾದವನು ಒಳಗೆ ಬರುತ್ತಾನೆ. ಎರಡು ಮೈಲಿ ಆಚೆ ಇದ್ದು, ದಿನವೂ ವಾಯುವಿಹಾರಕ್ಕೆ ಹೋಗುತ್ತಿದ್ದ ಹುಲ್ಲುಗಾವಲು ಹೋಯಿತೆಂದು ಕೊರಗುವವನು ಸಾಮಾನ್ಯವಾಗಿ ಬರಲಾರ. ಹಳ್ಳಿಯ ಪ್ಯಾರಿಷ್ ಕೌನ್ಸಿಲ್, ನಮ್ಮ ಗ್ರಾಮ ಪಂಚಾಯಿತಿಗೆ ಹೋಲಿಸಬಹುದಾದ ತೀರಾ ಕೆಳಗಿನ ಸಂಸ್ಥೆ, ಮೇಲಿನ ಕೌನ್ಸಿಲ್‌ನ ನಿರ್ಧಾರವನ್ನು ಎಷ್ಟೇ ವಿರೋಧಿಸಿದ್ದರೂ ದೂರು ಕೊಡುವಂತಿಲ್ಲ, ಯಾಕೆಂದರೆ ಅದೂ ಸಾರ್ವಜನಿಕ ಸಂಸ್ಥೆ. ಇಡೀ ಊರಿಗೇ ತಟ್ಟುವ ನಿರ್ಧಾರವಾದರೆ ಯಾರೂ ಕೊಡುವಂತಿಲ್ಲ. ನೋವು ಹೆಚ್ಚು ಜನರಿಗೆ ಹಂಚಿಹೋದಷ್ಟೂ ಓಂಬುಡ್ಸ್‌ಮನ್ ದೂರ ಸರಿಯುತ್ತಾರೆ. ಅದು ರಾಜಕೀಯದ ವಿಷಯ, ಮತಪೆಟ್ಟಿಗೆಯಲ್ಲಿ ತೀರಲಿ ಎಂಬುದು ಕಾನೂನಿನ ಎಣಿಕೆ.

ಒಳಗೆ ಬಂದವರಿಗೆ ಸಿಗುವುದೇನು? ಓಂಬುಡ್ಸ್‌ಮನ್ ಎರಡು ಪ್ರಶ್ನೆ ಕೇಳಿಕೊಳ್ಳುತ್ತಾರೆ. ಕೌನ್ಸಿಲ್ ಕ್ರಮ ತಪ್ಪಿತೇ? ನೆರೆಯವರಿಗೆ ನೋಟಿಸ್ ಹೋಗಿರಲಿಕ್ಕಿಲ್ಲ. ಅಧಿಕಾರಿ ಅಂತರವನ್ನು ತಪ್ಪಾಗಿ ಅಳೆದಿರಬಹುದು. ಬಂದ ಆಕ್ಷೇಪಣೆ ಸಮಿತಿಯ ಮುಂದೆ ಹೋಗದೆ ಇದ್ದಿರಬಹುದು. ಎರಡನೆಯ ಪ್ರಶ್ನೆ ಹೆಚ್ಚು ಕಠಿಣ: ಆ ತಪ್ಪು ಆಗದಿದ್ದರೆ ನಿರ್ಧಾರ ಬೇರೆಯಾಗುತ್ತಿತ್ತೇ? ಇಲ್ಲ ಎಂದರೆ ಕ್ಷಮಾಪಣೆ, ಪಟ್ಟ ಪಾಡಿಗೆ ಸಣ್ಣ ಮೊತ್ತ. ಹೌದು ಎಂದರೆ ಮನೆಯ ಬೆಲೆ ಕುಸಿದಷ್ಟು ಹಣ ಕೊಡಿ, ಮರೆಗೆ ಗಿಡ ನೆಡಿಸಿ ಎಂಬಂಥ ಶಿಫಾರಸು ಬರಬಹುದು. ಆದರೆ ಅನುಮತಿಯನ್ನು ರದ್ದು ಮಾಡುವ ಅಧಿಕಾರ ಅವರಿಗಿಲ್ಲ. ಎದ್ದ ಗೋಡೆ ಎದ್ದೇ ಇರುತ್ತದೆ. ಶಿಫಾರಸು ಕೂಡ ಕಾನೂನಿನ ಪ್ರಕಾರ ಕಟ್ಟಳೆಯಲ್ಲ. ಕೌನ್ಸಿಲ್‌ಗಳು ಬಹುಮಟ್ಟಿಗೆ ಪಾಲಿಸುತ್ತವೆ, ಪಾಲಿಸದಿದ್ದವರ ಹೆಸರು ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ.

ಫುಟ್‌ಬಾಲ್ ಮೈದಾನದ ಪಕ್ಕದವರು

ಇಷ್ಟು ಹಲ್ಲಿಲ್ಲದ ಬಾಗಿಲಿನಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೆ ಲಿವರ್‌ಪೂಲ್‌ನಿಂದ ಒಂದು ಉತ್ತರವಿದೆ. ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ ಆ್ಯನ್‌ಫೀಲ್ಡ್ ಮೈದಾನದ ಪ್ರೇಕ್ಷಕರ ಗ್ಯಾಲರಿಯನ್ನು ವಿಸ್ತರಿಸಲು ಅನುಮತಿ ಕೇಳಿತು. ಸುತ್ತಲಿನ ನಿವಾಸಿಗಳು ವಿರೋಧಿಸಿದರು. ಕೌನ್ಸಿಲ್ ಅನುಮತಿ ಕೊಟ್ಟಿತು. ಮತ ಹಾಕಿದ ಕೌನ್ಸಿಲರ್‌ಗಳಲ್ಲಿ ಕೆಲವರು ಕ್ಲಬ್ಬಿನ ಸೀಸನ್ ಟಿಕೆಟ್ ಇದ್ದವರು, ಅಥವಾ ತಪ್ಪದೆ ಪಂದ್ಯಕ್ಕೆ ಹೋಗುವವರು. ಅವರು ಅದನ್ನು ಹೇಳಿಕೊಂಡಿರಲಿಲ್ಲ. ನಿವಾಸಿಗಳ ದೂರಿನ ಮೇಲೆ ಓಂಬುಡ್ಸ್‌ಮನ್ ತನಿಖೆ ನಡೆಸಿ, ಇದು ದುರಾಡಳಿತ ಎಂದರು.

ಕೌನ್ಸಿಲ್ ಕೋರ್ಟಿಗೆ ಹೋಯಿತು. ಅದರ ವಾದಗಳಲ್ಲಿ ಒಂದು ನಮಗೆ ಪರಿಚಿತವೇ: ಈ ನಿವಾಸಿಗಳು ಹೈಕೋರ್ಟಿಗೆ ಹೋಗಬಹುದಿತ್ತು, ಅವರ ದೂರನ್ನು ಓಂಬುಡ್ಸ್‌ಮನ್ ತೆಗೆದುಕೊಂಡದ್ದೇ ತಪ್ಪು. ಅಂದರೆ ಮತ್ತೆ ಅದೇ ಪ್ರಶ್ನೆ, ಈ ಬಾಗಿಲಿಗೆ ಬರಲು ನೀವು ಯಾರು?

2000ದಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಅವರು ಸಾಧಾರಣ ವರಮಾನದ ಜನ, ಕೋರ್ಟಿನ ಖರ್ಚು ಹೊತ್ತು ಹೋರಾಡುವುದು ಅವರಿಂದ ನಿರೀಕ್ಷಿಸುವಂಥದ್ದಲ್ಲ. ಹೋಗಿದ್ದರೂ ಕೌನ್ಸಿಲರ್‌ಗಳ ಒಳಗಿನ ವಿಷಯವನ್ನು ಹೊರಗೆಳೆಯಲು ಬೇಕಾದ ಸಾಕ್ಷ್ಯ ಅವರ ಕೈಗೆ ಸಿಗುತ್ತಿರಲಿಲ್ಲ. ಓಂಬುಡ್ಸ್‌ಮನ್‌ಗೆ ಕಡತ ತರಿಸುವ, ಸಾಕ್ಷಿಗಳನ್ನು ಕರೆಸಿ ಕೇಳುವ ಅಧಿಕಾರವಿದೆ. ಅದನ್ನು ಬಳಸಿದ್ದರಿಂದಲೇ ಸತ್ಯ ಹೊರಬಂತು. ನೆರೆಯವನಿಗೆ ಈ ಬಾಗಿಲಿನಿಂದ ಸಿಗುವ ನಿಜವಾದ ಲಾಭ ಇದು. ಗೋಡೆ ಬೀಳದಿರಬಹುದು, ಕಡತ ಮಾತ್ರ ತೆರೆಯುತ್ತದೆ. ಅದಕ್ಕೆ ವಕೀಲರ ಫೀಸು ಬೇಡ.

ಬೇರೆ ದಾರಿಗಳು

ಪಕ್ಕದ ಐರ್ಲೆಂಡ್ ಗಣರಾಜ್ಯ 1963ರ ತನ್ನ ಯೋಜನಾ ಕಾಯ್ದೆಯಲ್ಲಿ ನೆರೆಯವನಿಗೆ ನೇರವಾಗಿಯೇ ಕುರ್ಚಿ ಹಾಕಿತು. ಅಲ್ಲಿ ಅನುಮತಿಯ ವಿರುದ್ಧ ಯಾರು ಬೇಕಾದರೂ ಮೇಲ್ಮನವಿ ಸಲ್ಲಿಸಬಹುದಿತ್ತು, ದೇಶದ ಇನ್ನೊಂದು ಮೂಲೆಯವರೂ ಸಹ. 2000ದ ಕಾಯ್ದೆಯ ನಂತರ, ಮೊದಲೇ ಶುಲ್ಕ ಕಟ್ಟಿ ಲಿಖಿತ ಆಕ್ಷೇಪಣೆ ಸಲ್ಲಿಸಿದವರಿಗೆ ಅದು ಸೀಮಿತವಾಯಿತು. ಮನೆ ಕಟ್ಟುವ ಕೆಲಸ ಇದರಿಂದ ತಡವಾಗುತ್ತದೆ ಎಂಬ ಟೀಕೆ ಅಲ್ಲಿ ನಿರಂತರ. ಆ ಭಯವೇ ಬ್ರಿಟನ್ನನ್ನು ಹಿಂದೆ ಹಿಡಿದಿದೆ. ಸ್ಕಾಟ್ಲೆಂಡಿನ ಶಾಸನಸಭೆ 2019ರಲ್ಲಿ ಇಂಥ ಹಕ್ಕನ್ನು ಚರ್ಚಿಸಿ ಬೇಡವೆಂದಿತು.

ಭಾರತ ಇಂಗ್ಲಿಷ್ ಕಾನೂನಿನ ಮನೆಯಲ್ಲೇ ಬೆಳೆದರೂ ಈ ಪ್ರಶ್ನೆಗೆ ಬೇರೆ ಕಡೆಯಿಂದ ಉತ್ತರ ಹುಡುಕಿತು. ಇಂಗ್ಲೆಂಡಿನಲ್ಲಿ ಸ್ಥಳೀಯ ಓಂಬುಡ್ಸ್‌ಮನ್ ಬಂದ 1974ರಲ್ಲೇ, ಉಡುಪಿಯ ಒಬ್ಬ ನಿವಾಸಿಯ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅಲ್ಲಿನ ಪುರಸಭೆ ಪಟ್ಟಣ ಯೋಜನೆಗೆ ವಿರುದ್ಧವಾಗಿ, ಕಲ್ಯಾಣ ಮಂಟಪವಾಗಬೇಕಿದ್ದ ಕಟ್ಟಡವನ್ನು ಸಿನಿಮಾ ಮಂದಿರವಾಗಿಸಲು ಒಪ್ಪಿಗೆ ಕೊಟ್ಟಿತ್ತು. ಹೈಕೋರ್ಟ್ ಒಪ್ಪಿಗೆ ಕಾನೂನುಬಾಹಿರ ಎಂದಿತು. ಆದರೆ ಮಾಲೀಕ ಆಗಲೇ ತುಂಬ ಹಣ ಸುರಿದಿದ್ದಾನೆಂದು ಅದನ್ನು ರದ್ದು ಮಾಡಲಿಲ್ಲ. ಸುಪ್ರೀಂ ಕೋರ್ಟ್ ರದ್ದು ಮಾಡಿತು. ಊರಿನ ಯೋಜನೆ ಇರುವುದೇ ಅಲ್ಲಿ ವಾಸಿಸುವವರಿಗಾಗಿ, ಅದನ್ನು ಮೀರಿದರೆ ನಿವಾಸಿಯ ಹಕ್ಕಿಗೇ ಧಕ್ಕೆ, ಖರ್ಚಾದ ಹಣ ಅಕ್ರಮವನ್ನು ಸಕ್ರಮ ಮಾಡದು ಎಂಬುದು ಅದರ ನಿಲುವು. ಎಸೆಕ್ಸಿನ ಹೊಲದವನಿಗೆ ಸಿಗದ ‘ಬಾಧಿತ’ ಎಂಬ ಪಟ್ಟ ಉಡುಪಿಯವನಿಗೆ ಸಿಕ್ಕಿತು.

ಓಂಬುಡ್ಸ್‌ಮನ್ನನ ಭಾರತೀಯ ಅವತಾರವೂ ಬಂತು. ಲೋಕಪಾಲ ಎಂಬ ಪದವನ್ನು 1963ರಲ್ಲಿ ಸಂಸತ್ತಿನಲ್ಲಿ ಎಲ್.ಎಂ. ಸಿಂಘ್ವಿ ಬಳಕೆಗೆ ತಂದರು. ಮೊರಾರ್ಜಿ ದೇಸಾಯಿ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗ 1966ರಲ್ಲಿ ಲೋಕಪಾಲ ಮತ್ತು ಲೋಕಾಯುಕ್ತ ಎರಡನ್ನೂ ಶಿಫಾರಸು ಮಾಡಿತು. ಮಹಾರಾಷ್ಟ್ರದಲ್ಲಿ 1971ರಲ್ಲಿ, ಕರ್ನಾಟಕದಲ್ಲಿ 1984ರಲ್ಲಿ ಕಾಯ್ದೆಗಳಾದವು. ಕರ್ನಾಟಕದ ಕಾಯ್ದೆ ದೂರನ್ನು ಎರಡು ಬಗೆ ಮಾಡುತ್ತದೆ. ಒಂದು, ಭ್ರಷ್ಟಾಚಾರದಂಥ ಆಪಾದನೆ. ಇನ್ನೊಂದು, ದುರಾಡಳಿತದಿಂದ ತನಗೆ ಅನ್ಯಾಯವಾಯಿತು ಎಂಬ ಕುಂದುಕೊರತೆ. ಈ ಎರಡನೆಯದರಲ್ಲಿ 1967ರ ಬ್ರಿಟಿಷ್ ಕಾಯ್ದೆಯ ಮಾತು ಹಾಗೆಯೇ ಕೇಳಿಸುತ್ತದೆ. ಆದರೆ ಜನರ ಮನಸ್ಸಿನಲ್ಲಿ ಲೋಕಾಯುಕ್ತ ಎಂದರೆ ದಾಳಿ, ಲಂಚದ ನೋಟು, ಬಂಧನ. ನೋಟಿಸ್ ಕೊಡದೆ ಪಕ್ಕದ ನಿವೇಶನಕ್ಕೆ ನಕ್ಷೆ ಮಂಜೂರು ಮಾಡಿದ್ದಾರೆ ಎಂದು ಬರೆಯುವ ಚೀಟಿಗೂ ಅಲ್ಲಿ ಜಾಗವಿದೆ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ.

ಸುಣ್ಣಕಲ್ಲಿನ ಗಣಿಯಂಥ ಪ್ರಕರಣ ಇಂಗ್ಲೆಂಡಿನಲ್ಲಿ ಇವತ್ತು ನಡೆದರೆ? ಕೋರ್ಟುಗಳು ಬಕ್ಸ್‌ಟನ್ ತೀರ್ಪಿನ ಬಿಗುವನ್ನು 1970ರ ದಶಕದಿಂದಲೇ ಸಡಿಲಿಸಿವೆ. ನೆರೆಯವನನ್ನು ಇಂದು ದಾರಿಹೋಕ ಎಂದು ಕಳಿಸಲಾರರು. ಆದರೆ ಆರು ವಾರದೊಳಗೆ ಕೋರ್ಟಿಗೆ ಹೋಗಬೇಕು, ಹಣವೂ ಇರಬೇಕು. ಎರಡೂ ಇಲ್ಲದವನು ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅನುಮತಿ ಕೊಟ್ಟದ್ದು ಕೌನ್ಸಿಲ್ ಆಗಿದ್ದರೆ ಪತ್ರ ನೇರವಾಗಿ ಹೋಗುತ್ತದೆ. ಎಸೆಕ್ಸಿನಲ್ಲಿ ಆದಂತೆ ಮೇಲ್ಮನವಿಯಲ್ಲಿ ಮಂತ್ರಿಯೋ ಇನ್ಸ್‌ಪೆಕ್ಟರೋ ಕೊಟ್ಟಿದ್ದರೆ ದೂರು ಪಾರ್ಲಿಮೆಂಟರಿ ಓಂಬುಡ್ಸ್‌ಮನ್‌ಗೆ ಸೇರಬೇಕು. ಅಲ್ಲಿ 1967ರ ಷರತ್ತನ್ನು ಯಾರೂ ಇನ್ನೂ ತೆಗೆದಿಲ್ಲ. ಹೊಲದ ಮೇಲೆ ಧೂಳು ಬಿದ್ದವನು ಮೊದಲು ತನ್ನ ಸಂಸದರನ್ನು ಕಂಡು ಸಹಿ ಹಾಕಿಸಿಕೊಂಡು ಬರಬೇಕು.